ಜಮೀನಿನ ನಕ್ಷೆ, ಮನೆಯವರ ಹೆಜ್ಜೆ

ನಿಸರ್ಗದ ನಡೆಯನ್ನು ಅನುಸರಿಸಿ ಮನೆ, ನೀರು, ಗಿಡ, ಪ್ರಾಣಿಗಳನ್ನು ಒಂದಕ್ಕೊಂದು ಹೊಂದಿಸಿ ಜಮೀನು ರೂಪಿಸುವ ಪರ್ಮಾಕಲ್ಚರ್ ಪದ್ಧತಿಯಲ್ಲಿ ಸಣ್ಣದೊಂದು ತೋಟ ಮಾಡಬೇಕೆಂದು ಹೊರಟ ಕುಟುಂಬಗಳು ಬರೆದುಕೊಂಡ ನಕ್ಷೆಗಳನ್ನು ನೋಡುತ್ತ ಬಂದು ಹಲವು ವರ್ಷಗಳಾದವು. ಕೆಲವನ್ನು ಬರೆಯುವಾಗ ನಾನೂ ಜೊತೆಯಲ್ಲಿ ಕೂತಿದ್ದೇನೆ. ಹೆಚ್ಚಿನವು ನೋಡಲು ಬಲು ಚೆಂದ. ಬಣ್ಣದ ಪೆನ್ಸಿಲಿನಲ್ಲಿ ತುಂಬಿದ ಹಸಿರು ವೃತ್ತಗಳು, ಅವುಗಳ ನಡುವೆ ಬಾಗಿ ಬಳುಕುವ ಕಾಲುದಾರಿ, ಬಾತುಕೋಳಿಗಳಿರುವ ಕೊಳ, ಅಡುಗೆಮನೆಯ ಹೊರಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಸೊಪ್ಪಿನ ಮಡಿ. ಎಲ್ಲ ನಕ್ಷೆಗಳೂ ಒಂದನ್ನೊಂದು ಹೋಲುತ್ತವೆ ಎಂಬುದು ನನ್ನ ತಕರಾರಲ್ಲ. ಒಂದು ಪದ್ಧತಿ ಎಂದ ಮೇಲೆ ಅದಕ್ಕೊಂದು ಚಹರೆ ಇದ್ದೇ ಇರುತ್ತದೆ. ನನ್ನನ್ನು ಕಾಡುವುದು ಬೇರೆ. ಅಲ್ಲಿ ಮರಗಳಿಗೆ ಜಾಗವಿದೆ, ಕೋಳಿಗಳಿಗೆ ಜಾಗವಿದೆ, ಎರೆಹುಳುವಿಗೂ ಒಂದು ತೊಟ್ಟಿಯಿದೆ. ಆದರೆ ಇವನ್ನೆಲ್ಲ ನೋಡಿಕೊಳ್ಳಬೇಕಾದ ಜನ ಯಾರು, ಎಷ್ಟು ಮಂದಿ, ಅವರ ವಯಸ್ಸೆಷ್ಟು, ಅವರಲ್ಲಿ ಹಗಲು ಮನೆಯಲ್ಲಿರುವವರು ಯಾರು ಎಂಬುದು ಆ ಹಾಳೆಯ ಯಾವ ಮೂಲೆಯಲ್ಲೂ ಕಾಣುವುದಿಲ್ಲ.

ಸಣ್ಣ ಹಿಡುವಳಿಯ ಕುಟುಂಬಕ್ಕೆ ಕೊರತೆ ಯಾವುದರದು ಎಂದು ಕೇಳಿದರೆ ಭೂಮಿ ಎಂದೋ ನೀರು ಎಂದೋ ಹಣ ಎಂದೋ ಉತ್ತರ ಬರುತ್ತದೆ. ಮೂರೂ ನಿಜವೇ. ಆದರೆ ನಾನು ಕಂಡ ಮಟ್ಟಿಗೆ ಇವೆಲ್ಲಕ್ಕಿಂತ ಮೊದಲು ಮುಗಿದುಹೋಗುವುದು ಮನೆಯವರ ಗಮನ. ಬೆಳಿಗ್ಗೆ ಎದ್ದು ಒಂದು ಸುತ್ತು ಹೋಗಿ, ಎಲೆ ಮಗುಚಿ ನೋಡಿ, ಸೋರುವ ಕೊಳವೆಗೆ ಬಟ್ಟೆ ಸುತ್ತಿ, ಮುರಿದ ಬೇಲಿಗೆ ಮುಳ್ಳು ತುರುಕಿ ಬರುವಷ್ಟು ವ್ಯವಧಾನ ಒಂದು ಕುಟುಂಬದಲ್ಲಿ ದಿನಕ್ಕೆ ಇಷ್ಟೇ ಎಂದು ಇರುತ್ತದೆ. ಅದನ್ನು ಸಾಲ ತರಲಾಗುವುದಿಲ್ಲ. ಪರ್ಮಾಕಲ್ಚರ್ ವಿನ್ಯಾಸದ ಅತ್ಯುತ್ತಮ ಭಾಗ ಈ ಕೊರತೆಯನ್ನು ಕುರಿತದ್ದು. ಆದರೂ ಅದನ್ನು ಗಿಡಗಳ ಪಟ್ಟಿಯಾಗಿ ಓದುವುದೇ ಹೆಚ್ಚು.

ವಲಯ ಎಂದರೆ ಹೆಜ್ಜೆಯ ಲೆಕ್ಕ

1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಹೋಮ್‌ಗ್ರೆನ್ ಸೇರಿ ಈ ವಿಚಾರಗಳಿಗೆ ಒಂದು ಚೌಕಟ್ಟು ಕೊಟ್ಟರು ಎಂಬುದು ಆಸಕ್ತರಿಗೆ ಗೊತ್ತಿರುವ ಸಂಗತಿ. ಆ ಚೌಕಟ್ಟಿನ ವಲಯಗಳೂ ಗೊತ್ತಿರುವವೇ: ಮನೆ ಸೊನ್ನೆ, ದಿನಕ್ಕೆ ಹಲವು ಸಲ ಕಾಲಿಡುವ ಜಾಗ ಒಂದು, ದಿನಕ್ಕೊಮ್ಮೆ ಹೋಗುವ ಜಾಗ ಎರಡು, ಹೊಲದ ಬೆಳೆ ಮೂರು, ಸೌದೆ ಮೇವುಗಳ ಅರೆಕಾಡು ನಾಲ್ಕು, ನಾವು ಕೈಯಾಡಿಸದೆ ಬಿಡುವ ಕಾಡು ಐದು. ಇದನ್ನು ಪುಸ್ತಕದ ಚಿತ್ರದಂತೆ ಮನೆಯ ಸುತ್ತ ಎಳೆದ ವರ್ತುಲಗಳೆಂದು ತಿಳಿದು, ಕೈವಾರ ಹಿಡಿದು ಸುತ್ತು ಹಾಕುವವರಿದ್ದಾರೆ. ವಲಯವನ್ನು ನಿರ್ಧರಿಸುವುದು ಮೀಟರುಗಳಲ್ಲಿ ಅಳೆಯುವ ದೂರವಲ್ಲ, ಹೋಗಿಬರುವ ಸಲಗಳು. ಮಗುವನ್ನು ಶಾಲೆಯ ವಾಹನಕ್ಕೆ ಹತ್ತಿಸಲು ದಿನವೂ ಗೇಟಿನ ತನಕ ನಡೆಯುವ ಮನೆಯಲ್ಲಿ ಆ ದಾರಿಯ ಎರಡೂ ಅಂಚು ಒಂದನೆಯ ವಲಯ. ಅದೇ ಮನೆಯ ಹಿಂಬಾಗಿಲಿಗೆ ಹತ್ತೇ ಮೀಟರ್ ದೂರದಲ್ಲಿದ್ದು ಯಾರೂ ತಲೆಹಾಕದ ಮೂಲೆ ನಾಲ್ಕನೆಯದು. ವಲಯದ ನಕ್ಷೆ ಬರೆಯುವ ಮೊದಲು ಒಂದು ವಾರ ಮನೆಯವರೆಲ್ಲ ಎಲ್ಲೆಲ್ಲಿ ನಡೆದರು ಎಂಬುದನ್ನು ಹಾಳೆಯ ಮೇಲೆ ಗೆರೆಯೆಳೆದು ಗುರುತಿಸಿದರೆ ಅರ್ಧ ವಿನ್ಯಾಸ ಅಲ್ಲಿಗೇ ಮುಗಿದಂತೆ.

ಹೆಜ್ಜೆಗಳ ಲೆಕ್ಕ ಸಣ್ಣದೆಂದು ಕಾಣುತ್ತದೆ, ಕೂಡಿಸಿ ನೋಡುವ ತನಕ. ಕೋಳಿಗೂಡು ಮನೆಯಿಂದ 60 ಮೀಟರ್ ದೂರವಿದೆ ಎಂದುಕೊಳ್ಳಿ. ಬೆಳಿಗ್ಗೆ ತೆರೆಯಲು ಒಮ್ಮೆ, ಸಂಜೆ ಮುಚ್ಚಲು ಒಮ್ಮೆ ಹೋಗಿಬಂದರೆ ದಿನಕ್ಕೆ 240 ಮೀಟರ್, ವರ್ಷಕ್ಕೆ ಸುಮಾರು 88 ಕಿಲೋಮೀಟರ್. ಅದೇ ಗೂಡು 10 ಮೀಟರಿನಲ್ಲಿದ್ದರೆ ವರ್ಷಕ್ಕೆ 15 ಕಿಲೋಮೀಟರಿಗಿಂತ ಕಡಿಮೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ನಗೆಯಾಡಬಹುದು. ಆದರೆ ಮಳೆ ಸುರಿಯುವ ಸಂಜೆ, ಜ್ವರ ಬಂದ ದಿನ, ನೆಂಟರು ಬಂದು ಕೂತ ಹೊತ್ತಿನಲ್ಲಿ ಬಿಟ್ಟುಹೋಗುವುದು ಈ ದೂರದ ಕೆಲಸವೇ. ಗೂಡು ಮುಚ್ಚದ ಒಂದೇ ಒಂದು ರಾತ್ರಿ ಸಾಕು, ಬೆಳಗಾಗುವಷ್ಟರಲ್ಲಿ ಗರಿಗಳು ಮಾತ್ರ ಉಳಿದಿರುತ್ತವೆ.

ಇಲ್ಲೊಂದು ಅಡ್ಡಮಾತು. ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡು ಬೆಳೆಗಳನ್ನು ಸುತ್ತುಸುತ್ತಾಗಿ ಜೋಡಿಸುವ ವಿಚಾರ ಪರ್ಮಾಕಲ್ಚರಿಗಿಂತ ಬಹಳ ಹಳೆಯದು. ಜರ್ಮನಿಯ ಭೂಮಾಲೀಕನೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಯೋಹಾನ್ ಹೈನ್ರಿಕ್ ಫಾನ್ ಥ್ಯೂನೆನ್ 1826ರಲ್ಲಿ, ಒಂದೇ ಒಂದು ಪಟ್ಟಣವಿರುವ ಸಮತಟ್ಟಾದ ನಾಡನ್ನು ಕಲ್ಪಿಸಿಕೊಂಡು, ಅದರ ಸುತ್ತ ಯಾವ ಬೆಳೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ತರಕಾರಿ ಮತ್ತು ಹಾಲು ಎಲ್ಲಕ್ಕಿಂತ ಒಳಗಿನ ಸುತ್ತಿನಲ್ಲಿ, ಧಾನ್ಯ ಅದರಾಚೆ, ಮೇಯುವ ದನಗಳು ಕೊನೆಯಲ್ಲಿ. ಅಚ್ಚರಿಯೆಂದರೆ ಕಾಡು ಧಾನ್ಯಕ್ಕಿಂತ ಒಳಗೆ, ಎರಡನೆಯ ಸುತ್ತಿನಲ್ಲೇ ಇತ್ತು, ಯಾಕೆಂದರೆ ಆ ಕಾಲದಲ್ಲಿ ಒಲೆ ಉರಿಸಲು ಸೌದೆ ಬೇಕಿತ್ತು ಮತ್ತು ಸೌದೆ ಹೊರುವುದು ಕಷ್ಟದ ಕೆಲಸ. ಕಾಡೆಂದರೆ ದೂರ ಎಂದು ನಾವು ಸುಮ್ಮನೆ ಒಪ್ಪಿಕೊಂಡಿರುವುದನ್ನು ಆತ ತೂಕ ಹಾಕಿ ನೋಡಿದ್ದ. ಮನೆಯಲ್ಲಿ ಇಂದೂ ಸೌದೆ ಒಲೆ ಇದ್ದರೆ ಸೌದೆಯ ಮರಗಳನ್ನು ಜಮೀನಿನ ತುತ್ತತುದಿಗೆ ಕಳಿಸುವುದು ವಿವೇಕವಲ್ಲ, ಪುಸ್ತಕದ ನಾಲ್ಕನೆಯ ವಲಯ ಏನೇ ಹೇಳಲಿ.

ಗೆಳೆಯನೊಬ್ಬನ ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದ ಒಂದು ಮಧ್ಯಾಹ್ನ ನೆನಪಿಗೆ ಬರುತ್ತದೆ. ಅವನು ತರಬೇತಿ ಮುಗಿಸಿಕೊಂಡು ಬಂದಿದ್ದ. ಎರಡು ಎಕರೆಗೆ ಅವನು ತಯಾರಿಸಿದ್ದ ಯೋಜನೆ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಗಾಳಿಯ ದಿಕ್ಕು, ಬಿಸಿಲಿನ ಓರೆ, ಬೆಂಕಿ ಬರಬಹುದಾದ ಕಡೆ ಎಲ್ಲವನ್ನೂ ಬಾಣದ ಗುರುತುಗಳಲ್ಲಿ ತೋರಿಸಿದ್ದ. ಅವನ ತಾಯಿ ಕನ್ನಡಕ ಹಾಕಿಕೊಂಡು ಬಂದು, ಬಹಳ ಹೊತ್ತು ಮಾತಿಲ್ಲದೆ ನೋಡಿ, ತಿಪ್ಪೆಯ ಗುರುತಿನ ಮೇಲೆ ಬೆರಳಿಟ್ಟರು. "ಇದು ಇಲ್ಲಿದ್ರೆ ಅಡುಗೆಮನೆ ಕಸ ತಗೊಂಡು ದಿನಾ ಯಾರಪ್ಪ ಹೋಗೋದು?" ಗೆಳೆಯ, "ಎಲ್ಲರೂ ಹೋಗೋದೇ ಅಮ್ಮ, ಸರದಿ ಮಾಡ್ಕೊಳ್ಳೋಣ" ಎಂದ. ಆಕೆ ಅದಕ್ಕೆ ಉತ್ತರ ಕೊಡಲಿಲ್ಲ. ಪೆನ್ಸಿಲು ತೆಗೆದುಕೊಂಡು ಬಚ್ಚಲ ನೀರು ಹೊರಬೀಳುವ ಕಡೆ, ಹಿಂಬಾಗಿಲಿಗೆ ಎಂಟು ಹತ್ತು ಹೆಜ್ಜೆಯಲ್ಲಿ ಒಂದು ಸಣ್ಣ ಚೌಕ ಬರೆದರು. ಅಷ್ಟಕ್ಕೇ ನಿಲ್ಲಿಸದೆ ಸೊಪ್ಪಿನ ಮಡಿಗಳನ್ನೂ ಆ ಚೌಕದ ಪಕ್ಕಕ್ಕೆ ಎಳೆದರು. ಕಸ ಚೆಲ್ಲಲು ಹೋದ ಕೈ ಖಾಲಿ ಬರುವ ಬದಲು ಸೊಪ್ಪು ಕಿತ್ತು ತರುತ್ತದೆ ಎಂಬುದು ಆಕೆಯ ಲೆಕ್ಕ. ಪ್ರತಿಯೊಂದು ವಸ್ತುವೂ ಒಂದಕ್ಕಿಂತ ಹೆಚ್ಚು ಕೆಲಸ ಮಾಡಬೇಕು, ಒಂದರ ಹೊರಹರಿವು ಇನ್ನೊಂದರ ಒಳಹರಿವಾಗಬೇಕು ಎಂದು ಮಾಲಿಸನ್ ಬೋಧಿಸಿದ್ದನ್ನು ಆಕೆ ಓದಿರಲಿಲ್ಲ. ಆದರೆ ಆ ಮನೆಯಲ್ಲಿ ಕಸದ ಬುಟ್ಟಿ ಎತ್ತುವ ಕೈ ಯಾರದೆಂದು ಆಕೆಗೆ ಖಚಿತವಾಗಿ ಗೊತ್ತಿತ್ತು. "ಎಲ್ಲರೂ" ಎಂದು ನಕ್ಷೆಯಲ್ಲಿ ಬರೆದ ಕೆಲಸ ಕೊನೆಗೆ ಒಬ್ಬರ ತಲೆಗೇ ಬರುತ್ತದೆ, ಆ ಒಬ್ಬರು ಸಾಮಾನ್ಯವಾಗಿ ನಕ್ಷೆ ಬರೆದವರಾಗಿರುವುದಿಲ್ಲ.

ಬದಲಾಯಿಸಲಾಗದ್ದು ಮೊದಲು

ಜಮೀನು ಕೈಗೆ ಬಂದ ಮೊದಲ ಮಳೆಗೇ ಸಸಿ ತರಲು ಓಡುವುದು ಬಹುತೇಕ ಎಲ್ಲರ ರೂಢಿ. ಸಸಿ ನೆಟ್ಟರೆ ಏನೋ ಆರಂಭವಾಯಿತು ಎಂಬ ಸಮಾಧಾನ ಸಿಗುತ್ತದೆ. ಈ ಆತುರಕ್ಕೆ ಲಗಾಮು ಹಾಕುವ ಒಂದು ಒಳ್ಳೆಯ ಸೂತ್ರವನ್ನು ಆಸ್ಟ್ರೇಲಿಯಾದ ಪಿ. ಎ. ಯೋಮನ್ಸ್ 1950ರ ದಶಕದಲ್ಲಿ ಕೊಟ್ಟ. ಗಣಿ ಕೆಲಸದ ಹಿನ್ನೆಲೆಯಿಂದ ಕೃಷಿಗೆ ಬಂದಿದ್ದ ಆತ ಒಂದು ಜಮೀನಿನಲ್ಲಿ ಯಾವುದು ಎಷ್ಟು ಶಾಶ್ವತ ಎಂಬುದರ ಮೇಲೆ ಯೋಜನೆಯ ಅನುಕ್ರಮವನ್ನು ಕಟ್ಟಿದ: ಹವಾಮಾನ, ನೆಲದ ಏರಿಳಿತ, ನೀರು, ದಾರಿ, ಮರ, ಕಟ್ಟಡ, ಬೇಲಿ, ಕೊನೆಯಲ್ಲಿ ಮಣ್ಣು. ಮಣ್ಣು ಕೊನೆಗೆ ಬಂದದ್ದನ್ನು ಕಂಡು ಸಾವಯವದವರು ಹುಬ್ಬೇರಿಸುತ್ತಾರೆ. ಅದು ಮುಖ್ಯವಲ್ಲ ಎಂದು ಆತ ಹೇಳಲಿಲ್ಲ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಗ ಸುಧಾರಿಸಬಹುದಾದದ್ದು ಮಣ್ಣು ಎಂಬುದೇ ಆತನ ನಂಬಿಕೆಯಾಗಿತ್ತು. ಹೊದಿಕೆ, ಗೊಬ್ಬರ, ದ್ವಿದಳದ ಬೆಳೆಗಳಿಂದ ಕೆಲವೇ ವರ್ಷಗಳಲ್ಲಿ ಮೇಲ್ಮಣ್ಣಿನ ಸ್ವರೂಪ ಬದಲಾಗುತ್ತದೆ. ತಪ್ಪು ಜಾಗದಲ್ಲಿ ಹಾದುಹೋದ ದಾರಿಯನ್ನು ಮಾತ್ರ ಮುಂದಿನ ತಲೆಮಾರೂ ಸಹಿಸಿಕೊಳ್ಳಬೇಕಾಗುತ್ತದೆ.

ದಾರಿಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲವಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಇಳಿಜಾರಿನಲ್ಲಿ ನೇರ ಕೆಳಗಿಳಿಯುವ ಗಾಡಿದಾರಿ ಎರಡು ಮಳೆಗಾಲಗಳಲ್ಲಿ ಹಳ್ಳವಾಗುತ್ತದೆ. ದಿಬ್ಬದ ನೆತ್ತಿಯ ಮೇಲೆ ಅಥವಾ ಸಮಪಾತಳಿಗೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ, ಹತ್ತಿರವಾಗಿ ಸಾಗುವ ದಾರಿ ಒಣಗಿರುತ್ತದೆ, ಅದರ ಮೇಲಿಂದ ಹರಿದ ನೀರನ್ನು ಬೇಕಾದ ಕಡೆ ತಿರುಗಿಸಿಕೊಳ್ಳಲೂ ಬರುತ್ತದೆ. ಗೊಬ್ಬರದ ಗಾಡಿ, ಕೊಯ್ಲಿನ ಮೂಟೆ, ಮಣ್ಣು ಅಗೆಯುವ ಯಂತ್ರ ಇವೆಲ್ಲ ಎಲ್ಲಿಯ ತನಕ ಬರಬಲ್ಲವು ಎಂಬುದೇ ಮುಂದೆ ಯಾವ ಕೆಲಸ ನಡೆಯುತ್ತದೆ, ಯಾವುದು ನಿಂತುಹೋಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಹೊರುವವರ ಬೆನ್ನಿಗೂ ಒಂದು ವಯಸ್ಸಿದೆಯಷ್ಟೆ.

ನೀರು ಎಲ್ಲಿ ನಿಲ್ಲಬೇಕು

ನೀರಿನ ಯೋಜನೆ ಲೆಕ್ಕದಿಂದ ಶುರುವಾಗಬೇಕು, ಗುದ್ದಲಿಯಿಂದಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಗುಣಾಕಾರ. ಒಂದು ಎಕರೆ ಎಂದರೆ 4,047 ಚದರ ಮೀಟರ್. 25 ಮಿಲಿಮೀಟರಿನ ಒಂದೇ ಜೋರುಮಳೆ ಅದರ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಸುರಿದುಹೋಗುತ್ತದೆ. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಕಡೆ 100 ಚದರ ಮೀಟರಿನ ಚಾವಣಿಗೆ ಬೀಳುವುದು 80,000 ಲೀಟರ್. ಚಿಮ್ಮಿದ್ದು, ಆರಿದ್ದು, ಮೊದಲ ಮಳೆಯ ಕೊಳೆನೀರೆಂದು ಹೊರಬಿಟ್ಟದ್ದು ಇವುಗಳಿಗೆ ಐದನೇ ಒಂದು ಭಾಗ ಕಳೆದರೂ 64,000 ಲೀಟರ್ ಉಳಿಯುತ್ತದೆ. ಕೇಳಲು ಇದು ದೊಡ್ಡ ಮೊತ್ತ. ಆದರೆ 200 ಚದರ ಮೀಟರಿನ ತರಕಾರಿ ಮಡಿಗೆ ಬಿರುಬಿಸಿಲಿನಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕೆಂದರೆ ದಿನಕ್ಕೆ 1,000 ಲೀಟರಾಯಿತು. ಚಾವಣಿಯ ನೀರೆಲ್ಲವನ್ನೂ ಕೂಡಿಟ್ಟರೂ 64 ದಿನ. ಬೇಸಿಗೆಯಲ್ಲಿ ಎಷ್ಟು ದೊಡ್ಡ ಮಡಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ, ಗೊಬ್ಬರದಲ್ಲೂ ಇಲ್ಲ, ಬೀಜದಲ್ಲೂ ಇಲ್ಲ.

ಕೊಳದ ಮೇಲಿನ ಮೋಹಕ್ಕೂ ಇದೇ ಲೆಕ್ಕವನ್ನು ಹಚ್ಚಬೇಕು. ತೆರೆದ ನೀರಿನಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾಗುವುದು ಬಿಸಿನಾಡುಗಳಲ್ಲಿ ಅಸಹಜವೇನಲ್ಲ. ನಾಲ್ಕು ತಿಂಗಳು ಮಳೆಯಿಲ್ಲದಿದ್ದರೆ 600 ಮಿಲಿಮೀಟರ್, ಅಂದರೆ ಮೊಣಕಾಲನ್ನು ದಾಟುವಷ್ಟು ನೀರು ಯಾರ ಬಾಯಿಗೂ ಯಾವ ಬೇರಿಗೂ ಸಿಗದೆ ಹೋಗಿರುತ್ತದೆ. ಇಂಗಿ ಹೋಗುವುದು ಬೇರೆ. ಒಂದು ಮೀಟರ್ ಆಳದ ಅಗಲವಾದ ಕೊಳ ಚಿತ್ರದಲ್ಲಿ ಚೆಂದ, ನೀರು ಉಳಿಯಬೇಕೆಂದರೆ ಅದಕ್ಕೆ ಆಳ ಬೇಕು, ನೆರಳು ಬೇಕು, ಗಾಳಿಗೆ ತಡೆ ಬೇಕು. ಅದು ಎಲ್ಲಿರಬೇಕು ಎಂಬುದರಲ್ಲಿಯೂ ಒಂದು ಎಳೆದಾಟವಿದೆ. ಮೇಲಿದ್ದಷ್ಟೂ ನೀರು ತಾನಾಗಿಯೇ ಕೆಳಗಿನ ಮಡಿಗಳಿಗೆ ಇಳಿಯುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಪುಕ್ಕಟೆ ಸಿಗುತ್ತದೆ. ಆದರೆ ಮೇಲೆ ಹೋದಷ್ಟೂ ನೀರು ಹರಿದುಬರುವ ಪ್ರದೇಶ ಚಿಕ್ಕದಾಗುತ್ತದೆ. ಕಣಿವೆಯಲ್ಲಿ ಕಡಿದಾದ ಇಳಿಜಾರು ಮುಗಿದು ಸಣ್ಣ ಇಳಿಜಾರು ಶುರುವಾಗುವ ಜಾಗವನ್ನು ಯೋಮನ್ಸ್ ಹುಡುಕಿದ್ದು ಈ ಎರಡರ ನಡುವೆ ಒಂದು ಹೊಂದಾಣಿಕೆಗಾಗಿಯೇ. ಎರಡು ಎಕರೆಯೊಳಗೆ ಅಂಥ ಜಾಗ ಸಿಗುವುದು ಅಪರೂಪ. ಸಿಗದವರು ಕೆಳಗೆ ಕೊಳ, ಮೇಲೊಂದು ಸಣ್ಣ ತೊಟ್ಟಿ, ನಡುವೆ ಒಂದು ಪಂಪು ಎಂದು ಒಪ್ಪಿಕೊಂಡರೆ ತತ್ತ್ವಕ್ಕೇನೂ ಭಂಗ ಬರುವುದಿಲ್ಲ.

ಸಮಪಾತಳಿ ಗುರುತಿಸುವ ಎ-ಫ್ರೇಮಿನ ಕೆಲಸವನ್ನು ನಾನು ಬಹಳ ಇಷ್ಟಪಡುತ್ತೇನೆ. ಎರಡು ಗಳುಗಳನ್ನು ತುದಿಯಲ್ಲಿ ಕೂಡಿಸಿ ಕಟ್ಟಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರಕ್ಕೊಂದು ಕಲ್ಲು ಇಳಿಬಿಟ್ಟರೆ ಉಪಕರಣ ಸಿದ್ಧ. ಎರಡು ಗೂಟಗಳ ಮೇಲೆ ಅದನ್ನು ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟಿದ ಕಡೆ ಒಂದು ಗುರುತು, ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು ಮಾಡಬೇಕು. ಎರಡರ ನಟ್ಟನಡುವೆ ದಾರ ಬಂದರೆ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಅದೇ ಗೆಳೆಯನ ಜಮೀನಿನಲ್ಲಿ ನಾವು ಹೀಗೆ ಗೂಟ ಹೊಡೆಯುತ್ತ ಹೋಗುತ್ತಿದ್ದೆವು. ಗಾಳಿಗೆ ಕಲ್ಲು ತೂಗಾಡುತ್ತಿತ್ತು, ಅದು ನಿಲ್ಲುವ ತನಕ ಕಾಯಬೇಕಿತ್ತು, ಕಾಯುವ ಹೊತ್ತಿನಲ್ಲೆಲ್ಲ ಅವನ ತಂದೆ ಹಿಂದಿನಿಂದ ಒಂದಲ್ಲ ಒಂದು ಹೇಳುತ್ತಿದ್ದರು. ಗೂಟಗಳ ಸಾಲು ನೇರ ಹೋಗುತ್ತದೆಂದು ಕಣ್ಣು ಹೇಳುತ್ತಿದ್ದ ಕಡೆ ಅದು ಇದ್ದಕ್ಕಿದ್ದಂತೆ ಮೇಲಕ್ಕೆ ಬಾಗಿ, ಒಂದು ಹಳೆಯ ಮರವನ್ನು ಬಳಸಿ, ಮತ್ತೆ ಕೆಳಗಿಳಿಯಿತು. ಅಲ್ಲೊಂದು ತಗ್ಗು ಇರುವುದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ತಂದೆಗೆ ಅದರಲ್ಲಿ ಹೊಸದೇನೂ ಇರಲಿಲ್ಲ. "ಅಲ್ಲಿ ಯಾವಾಗಲೂ ನೇಗಿಲು ಕಚ್ಚಿಕೊಳ್ಳುತ್ತೆ. ಮಳೆ ನಿಂತು ಎಂಟು ದಿನ ಆದ್ರೂ ನೆಲ ಆರೋದಿಲ್ಲ" ಎಂದರು. ನಾವು ಅಲ್ಲಿಯ ತನಕ ಅವರನ್ನು ಕೇಳಿರಲಿಲ್ಲ ಎಂಬುದಕ್ಕಿಂತ, ನೆಲ ಆರದ ಜಾಗ ಎಂದರೆ ನೀರು ಕೂಡುವ ಜಾಗ ಎಂದು ಯಾರೂ ಅವರ ಮುಂದೆ ಆ ಎರಡು ಮಾತುಗಳನ್ನು ಜೋಡಿಸಿರಲಿಲ್ಲ. ಅವರ ಪಾಲಿಗೆ ಅದು ಉಳುಮೆಯ ತೊಂದರೆಯಾಗಿತ್ತು, ನಮ್ಮ ಪಾಲಿಗೆ ಅಂದಿನಿಂದ ಕೊಳದ ಜಾಗವಾಯಿತು. ವಿನ್ಯಾಸಕ್ಕೆ ಮೊದಲು ನೆಲವನ್ನು ಗಮನಿಸುವುದು ಎಂದರೆ ವರ್ಷವಿಡೀ ಕುರ್ಚಿ ಹಾಕಿಕೊಂಡು ಕೂರುವುದು ಎಂದು ಅನೇಕರು ತಿಳಿದಿದ್ದಾರೆ. ಆ ನೆಲದಲ್ಲಿ ದುಡಿದ ಒಬ್ಬರು ಮನೆಯಲ್ಲಿದ್ದರೆ ಅವರ ದೂರುಗಳನ್ನು ಬರೆದುಕೊಳ್ಳುವುದೇ ಹೆಚ್ಚು ಫಲದಾಯಕ.

ಸಮಪಾತಳಿಯ ಮೇಲೆ ಕಂದಕ ತೋಡಿ ಕೆಳಬದಿಗೆ ಬದು ಹಾಕುವುದು ಪರ್ಮಾಕಲ್ಚರಿನ ಮುದ್ರೆಯೇ ಆಗಿಹೋಗಿದೆ. ಹರಿಯುವ ನೀರನ್ನು ತಡೆದು, ಉದ್ದಕ್ಕೂ ಹಂಚಿ, ಇಂಗಿಸುವುದು ಅದರ ಕೆಲಸ. ಬದುವಿನ ಮೇಲೂ ಅದರ ಕೆಳಗೂ ನೆಟ್ಟ ಮರಗಳು ಆ ತೇವವನ್ನು ಹೀರುತ್ತವೆ. ಆದರೆ ಎಲ್ಲ ನೆಲಕ್ಕೂ ಇದು ಒಗ್ಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಅದರ ಅಗತ್ಯ ಕಡಿಮೆ. ಕಡಿದಾದ ಜೇಡಿ ನೆಲದ ಇಳಿಜಾರಿನಲ್ಲಿ ನೀರನ್ನು ಒತ್ತಾಯದಿಂದ ಇಂಗಿಸಿದರೆ ನೆನೆದ ಗುಡ್ಡ ಜಾರುವ ಅಪಾಯವಿದೆ. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಎರಡನೆಯ ಸಲ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡುವುದು ಕಂದಕಕ್ಕೆ ಮೊದಲು ಮಾಡಬೇಕಾದ ಕೆಲಸ. ಇನ್ನು ಕೋಡಿ. ಕೆರೆ ಕಟ್ಟಿದವರು ಕೋಡಿಯಿಲ್ಲದೆ ಕಟ್ಟೆ ಕಟ್ಟಲಿಲ್ಲ; ಕಂದಕ ತೋಡುವವರು ಮಾತ್ರ ಅದನ್ನು ಮರೆಯುತ್ತಾರೆ. ವಾಡಿಕೆಯ ಮಳೆಯನ್ನು ಹಿಡಿಯಲು ಕಂದಕ, ವಾಡಿಕೆ ಮೀರಿದ ಮಳೆಗೆ ಕೋಡಿ. ಆ ಹೆಚ್ಚುವರಿ ನೀರು ಎಲ್ಲಿಂದ ಹೊರಬಿದ್ದು, ಯಾವ ಕಲ್ಲಿನ ಮೇಲೆ ಹಾದು, ಎಲ್ಲಿ ಸೇರಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ನೀರೇ ತೀರ್ಮಾನಿಸುತ್ತದೆ, ಬದುವಿನ ಅತ್ಯಂತ ದುರ್ಬಲ ಜಾಗವನ್ನು ಹುಡುಕಿಕೊಂಡು.

ಯಾರ ಬೆಳಗು, ಯಾರ ಸಂಜೆ

ಜಾನುವಾರು ಸಾಕುವ ತೀರ್ಮಾನವನ್ನು ಭೂಮಿಯ ತೀರ್ಮಾನವೆಂದು ಭಾವಿಸುವುದುಂಟು: ಇಷ್ಟು ಮೇವಿದೆ, ಆದ್ದರಿಂದ ಇಷ್ಟು ದನ. ಅದು ಮೊದಲು ದಿನಚರಿಯ ತೀರ್ಮಾನ. ಕರೆಯುವ ಹಸು ಮನೆಯಲ್ಲಿದ್ದರೆ ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಒಬ್ಬರು ಅಲ್ಲಿರಲೇಬೇಕು, ಮದುವೆ ಇರಲಿ ಸಾವಿರಲಿ. ಗೊಬ್ಬರ, ಹಾಲು, ಗಂಜಲ ಎಂದು ಬಾಣದ ಗುರುತುಗಳನ್ನು ಹಾಕಿದರೆ ಹಸು ವಿನ್ಯಾಸಕ್ಕೆ ಬಲು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಆ ಬಾಣಗಳ ಜೊತೆಗೆ ಒಬ್ಬ ಮನುಷ್ಯನನ್ನು ಗೂಟಕ್ಕೆ ಕಟ್ಟುವ ಇನ್ನೊಂದು ಹಗ್ಗವೂ ಇದೆ. ಇಬ್ಬರೂ ಹೊರಗೆ ದುಡಿಯುವ ಮನೆಗೆ ನಾನು ಹಸುವನ್ನು ಎಂದೂ ಸೂಚಿಸುವುದಿಲ್ಲ. ಕೆಲವು ಕೋಳಿ, ಒಂದೆರಡು ಜೇನುಪೆಟ್ಟಿಗೆ, ಪಕ್ಕದವರ ಕೊಟ್ಟಿಗೆಯಿಂದ ತರುವ ಗೊಬ್ಬರ ಸಾಕು. ಎಲ್ಲವೂ ತನ್ನ ಬೇಲಿಯೊಳಗೇ ಆಗಬೇಕೆಂಬ ಹಠ ಈ ಪದ್ಧತಿಯ ಅನುಯಾಯಿಗಳಲ್ಲಿ ಸ್ವಲ್ಪ ಜಾಸ್ತಿ. ಮುಖ್ಯ ಧಾನ್ಯವನ್ನು ಬೆಳೆಯುವುದು, ಒಕ್ಕುವುದು, ಒಣಗಿಸುವುದು, ಹುಳ ಬೀಳದಂತೆ ಕಾಯುವುದು ಇವೆಲ್ಲ ಸಣ್ಣ ಜಾಗದಲ್ಲಿ ದೊಡ್ಡ ದುಡಿಮೆಯನ್ನು ಬೇಡುತ್ತವೆ. ಅದನ್ನು ಅಂಗಡಿಯಿಂದ ತಂದು, ಬಾಡಿಹೋಗುವ ಸೊಪ್ಪು, ಹಣ್ಣು, ಮೊಟ್ಟೆಗಳನ್ನು ಮನೆಯಲ್ಲಿ ಮಾಡಿಕೊಂಡ ಕುಟುಂಬ ಹೆಚ್ಚು ಕಾಲ ಉತ್ಸಾಹದಲ್ಲಿರುತ್ತದೆ.

ವರ್ಷದ ಕೆಲಸಗಳನ್ನು ತಿಂಗಳುವಾರು ಬರೆದು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಸಸಿ ನೆಡುವುದು, ಬಿತ್ತುವುದು, ಕಳೆ ತೆಗೆಯುವುದು, ಕಂದಕದ ಹೂಳೆತ್ತುವುದು ಇವೆಲ್ಲ ಮಳೆಯ ಆಸುಪಾಸಿನ ಕೆಲವೇ ವಾರಗಳಲ್ಲಿ ಒಟ್ಟಿಗೆ ಬಂದು ಮೇಲೆ ಬೀಳುತ್ತವೆ. ಮಕ್ಕಳ ಶಾಲೆ ಶುರುವಾಗುವುದೋ ಹೊರಗಿನ ಕೆಲಸ ಏರುವುದೋ ಅದೇ ವಾರಗಳಲ್ಲಾದರೆ ನಕ್ಷೆ ಎಷ್ಟೇ ಸೊಗಸಾಗಿದ್ದರೂ ಕಳೆಯೇ ಗೆಲ್ಲುತ್ತದೆ. ಹೋಮ್‌ಗ್ರೆನ್ 2002ರಲ್ಲಿ ಪಟ್ಟಿ ಮಾಡಿದ ಹನ್ನೆರಡು ತತ್ತ್ವಗಳಲ್ಲಿ ಮೂರನೆಯದು ಇಳುವರಿ ಪಡೆಯಬೇಕು ಎಂಬುದು; ಸಣ್ಣ, ನಿಧಾನದ ಪರಿಹಾರಗಳನ್ನು ಬಳಸಬೇಕು ಎಂಬುದು ಒಂಬತ್ತನೆಯದು. ಇವೆರಡನ್ನೂ ಒಟ್ಟಿಗೆ ಓದಿದರೆ ಸಿಗುವ ಸಲಹೆ ಸರಳ: ಮೊದಲ ವರ್ಷ ನೀರು, ದಾರಿ, ಬೇಲಿ ಮತ್ತು ಹಿಂಬಾಗಿಲ ಮಡಿ; ಅದು ಕೈಗೆ ಹತ್ತಿದ ಮೇಲೆ ಮುಂದಿನ ತುಂಡು. ಹಿಂಬಾಗಿಲ ಮಡಿಯೇ ಮುಳ್ಳು ಬೆಳೆದು ನಿಂತಿರುವಾಗ ಎರಡು ಎಕರೆಗೂ ಸಸಿ ನೆಟ್ಟ ಮನೆಗಳು ಕಡಿಮೆಯೇನಿಲ್ಲ.

ಬೆಳೆಯುವ ನೆರಳು, ಬಾಗುವ ಬೆನ್ನು

ಕಾಗದದ ಮೇಲೆ ಮರದ ವೃತ್ತ ಯಾವ ವರ್ಷದ್ದು? ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ತಡವರಿಸುತ್ತಾರೆ. ಸಸಿಯ ಗಾತ್ರ ಬರೆದರೆ ಜಾಗ ಖಾಲಿ ಎನಿಸಿ ಇನ್ನಷ್ಟು ತುರುಕುತ್ತೇವೆ. ಬಲಿತ ಮರದ ಗಾತ್ರ ಬರೆದರೆ ಮೊದಲ ಹತ್ತು ವರ್ಷ ಆ ಬಿಸಿಲಿನಲ್ಲಿ ಏನು ಬೆಳೆಯಬಹುದಿತ್ತು ಎಂಬುದು ಮರೆತುಹೋಗುತ್ತದೆ. ನಾನು ಪಾರದರ್ಶಕ ಹಾಳೆಗಳ ಮೇಲೆ ಮೂರು ನಕ್ಷೆ ಬರೆಯಲು ಹೇಳುತ್ತೇನೆ: ಎರಡನೆಯ ವರ್ಷ, ಏಳನೆಯ ವರ್ಷ, ಇಪ್ಪತ್ತನೆಯ ವರ್ಷ. ಎರಡನೆಯದರಲ್ಲಿ ತರಕಾರಿಯೂ ದ್ವಿದಳವೂ ತುಂಬಿರುತ್ತವೆ, ಬೇಗ ಬೆಳೆದು ಕತ್ತರಿಸಿ ಹೊದಿಕೆಗೆ ಹಾಕುವ ಗೊಬ್ಬರದ ಗಿಡಗಳು ಸಸಿಗಳಿಗಿಂತ ಹೆಚ್ಚಿರುತ್ತವೆ. ಏಳನೆಯದರಲ್ಲಿ ಆ ಗೊಬ್ಬರದ ಗಿಡಗಳಲ್ಲಿ ಹೆಚ್ಚಿನವನ್ನು ಕಡಿದಾಗಿರಬೇಕು. ಇಪ್ಪತ್ತನೆಯದರಲ್ಲಿ ನೆರಳು ತರಕಾರಿ ಮಡಿಯ ಮೇಲೆ ಬಿದ್ದಿದ್ದರೆ ಅದನ್ನು ಇಂದೇ ಬೇರೆ ಕಡೆ ಇಡಬೇಕು. ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ ರಾಬರ್ಟ್ ಹಾರ್ಟ್ ಸಣ್ಣ ಜಾಗದಲ್ಲಿ ಎತ್ತರದ ಮರದಿಂದ ನೆಲದಡಿಯ ಗಡ್ಡೆಯ ತನಕ ಏಳು ಸ್ತರಗಳ ಕಾಡುತೋಟ ಮಾಡಿ ತೋರಿಸಿದ ಮೇಲೆ ಸ್ತರಗಳ ಮಾತು ಎಲ್ಲ ಕಡೆ ಹರಡಿತು. ಸ್ತರಗಳು ಎಷ್ಟು ಒತ್ತೊತ್ತಾಗಿರಬಹುದು ಎಂಬುದು ಮಾತ್ರ ಆ ಅಕ್ಷಾಂಶದ ಬಿಸಿಲಿಗೆ ಬಿಟ್ಟದ್ದು. ನೆತ್ತಿಯ ಮೇಲೆ ಸೂರ್ಯ ಸುಡುವಲ್ಲಿ ಕೆಳಗಿನ ಗಿಡಕ್ಕೆ ನೆರಳು ಉಪಕಾರ, ಓರೆಬಿಸಿಲಿನ ತಂಪುನಾಡಿನಲ್ಲಿ ಅದೇ ನೆರಳು ಕಾಯಿ ಹಣ್ಣಾಗದಂತೆ ತಡೆಯುತ್ತದೆ.

ಮರಗಳ ಈ ಮೂರು ಹಾಳೆಗಳ ಮೇಲೆ ಮನೆಯವರ ವಯಸ್ಸನ್ನೂ ಬರೆಯಿಸುತ್ತೇನೆ. ಇಂದು ನಲವತ್ತೈದಾದವರು ಮೂರನೆಯ ಹಾಳೆಯಲ್ಲಿ ಅರವತ್ತೈದು. ಇಂದು ಏಣಿ ಹತ್ತಿ ಕೊಯ್ಯುವ ಎತ್ತರದ ಹಣ್ಣಿನ ಮರಗಳು ಆಗ ಯಾರಿಗೆ? ದಾರಿಗೆ ಹತ್ತಿರ ಗಿಡ್ಡ ತಳಿಗಳನ್ನೂ ಸವರಿ ಗಿಡ್ಡವಾಗಿ ಇಟ್ಟುಕೊಳ್ಳಬಹುದಾದವನ್ನೂ ನೆಡುವುದು, ಎತ್ತರ ಹೋಗುವ ದಿಮ್ಮಿಯ ಮರಗಳನ್ನು ದೂರದ ಗಡಿಗೆ ಕಳಿಸುವುದು, ಮೆಟ್ಟಿಲಿನ ಕಡೆ ಇಳಿಜಾರು ದಾರಿ ಮಾಡುವುದು ಇವೆಲ್ಲ ಆ ಒಂದು ಅಂಕಿಯಿಂದ ಹೊರಡುತ್ತವೆ. ಮಕ್ಕಳು ಉಳಿಯುತ್ತಾರೋ ಹೋಗುತ್ತಾರೋ ಎಂಬುದನ್ನು ಯಾವ ಹಾಳೆಯೂ ಹೇಳಲಾರದು. ಉಳಿದರೂ ಒಬ್ಬರಲ್ಲ, ಇಬ್ಬರು ಉಳಿಯಬಹುದು. ಆಗ ಜಮೀನು ಎರಡಾಗುತ್ತದೆ. ಒಂದೇ ಕೊಳ, ಒಂದೇ ದಾರಿ, ಈ ತುದಿಯಿಂದ ಆ ತುದಿಯ ತನಕ ಬಿಡದೆ ಸಾಗುವ ಒಂದೇ ಕಂದಕದ ಮೇಲೆ ನಿಂತ ವಿನ್ಯಾಸ ನಡುವೆ ಬೇಲಿ ಬಿದ್ದ ದಿನ ಕಂಗಾಲಾಗುತ್ತದೆ. ಆದ್ದರಿಂದ ಎರಡು ಮಕ್ಕಳಿರುವ ಮನೆಯವರು ಕೇಳಿದಾಗ, ಅವರಿಗೆ ಸ್ವಲ್ಪ ಮುಜುಗರವಾಗುತ್ತದೆ ಎಂದು ಗೊತ್ತಿದ್ದೂ, ಕೊಳವನ್ನು ಮುಂದೆಂದೋ ಗಡಿಯಾಗಬಹುದಾದ ಗೆರೆಯ ಮೇಲೆ ಇಡಲು, ಎರಡೂ ಕಡೆಯಿಂದ ಅದಕ್ಕೆ ಕಾಲುದಾರಿ ಬಿಡಲು, ಗೇಟಿನ ಎದುರಿನ ದಾರಿಯನ್ನು ಎರಡು ಗಾಡಿಗಳು ಒಂದನ್ನೊಂದು ದಾಟುವಷ್ಟು ಅಗಲ ಇಡಲು ಹೇಳುತ್ತೇನೆ. ಅದರಿಂದ ಈಗ ಕಳೆದುಹೋಗುವುದು ಒಂದು ಸಾಲು ಮರ ಅಷ್ಟೆ.